ಧರ್ಮರಾಜ ಬಳಿದ ಸುಣ್ಣ

ಧರ್ಮರಾಜನಿಗೆ ನೀವು ಮಗಳ ಲಗ್ನಪತ್ರಿಕೆ ಕೊಡಬೇಕೆಂದರೆ ಅದನ್ನು ಅವನ ಕೈಗೆ ಕೊಡಲು ಹೋಗಬಾರದು. ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು, ‘ಅಲ್ಲೇ ಕಟ್ಟಿ ಮ್ಯಾಲ ಇಡ್ರಿ, ಆಮ್ಯಾಲ ನೋಡ್ತೇನಿ’ ಎನ್ನುತ್ತಾನೆ. ನೀವು ಓಣಿಯ ತಿರುವು ದಾಟಿದ ಮೇಲೆ ಬಗ್ಗಿ, ಮುಟ್ಟದೆ, ಪೂರ್ತಿ ಓದುತ್ತಾನೆ. ಲಗ್ನಪತ್ರಿಕೆಯೇ ಎಂದು ಖಾತ್ರಿಯಾದರೆ ಮಾತ್ರ ಎತ್ತಿಕೊಳ್ಳುತ್ತಾನೆ. ಕರೆಂಟ್ ಬಿಲ್ಲಿಗೂ ಇದೇ ಮರ್ಯಾದೆ. ಜೋರಾಪುರ ಪೇಟೆಯ ನಮ್ಮ ಓಣಿಗೆ ಹೊಸದಾಗಿ ಬಂದ ಕೊರಿಯರಿನವನೊಬ್ಬ, ಪಾಪ, ಈ ಮನುಷ್ಯನ ಕೈಗೆ ಏನೋ ಆಗಿದೆ ಎಂದು ತಿಳಿದು ಕನಿಕರದಿಂದ ನೋಡಿ ಹೋಗಿದ್ದ.

ಇದು ಹುಚ್ಚಲ್ಲ, ಕಲಿತ ವಿದ್ಯೆ. ಧರ್ಮರಾಜ ಮೂವತ್ತೆಂಟು ವರ್ಷ ಒಂದು ಸರಕಾರಿ ಕಚೇರಿಯಲ್ಲಿ ಸಿಪಾಯಿಯಾಗಿದ್ದ. ಜನರ ಮನೆಗೆ ನೋಟೀಸು ಮುಟ್ಟಿಸುವುದು ಅವನ ಕೆಲಸ. ಕೈಚಾಚಿ ತೆಗೆದುಕೊಂಡವನಿಗೆ ನೋಟೀಸು ಮುಟ್ಟಿದ ಲೆಕ್ಕ. ತೆಗೆದುಕೊಳ್ಳದಿದ್ದರೆ ಬಾಗಿಲಿಗೆ ಅಂಟಿಸಿ, ನೆರೆಮನೆಯ ಇಬ್ಬರ ಸಹಿ ಹಾಕಿಸಿ ಪಂಚನಾಮೆ ಮಾಡಬೇಕು. ಆ ಇಬ್ಬರು ಸಿಗುವತನಕ ಕಾಗದಕ್ಕೆ ಜೀವ ಬರುವುದಿಲ್ಲ. ಹೀಗಾಗಿ ಅವನ ಪ್ರಕಾರ ಬಡವರ ಕಾನೂನು ಎರಡೇ ಕಲಮಿನದು: ಕೈ ಚಾಚಬೇಡ, ನೆರೆಯವನ ಮೇಲೆ ಸಾಕ್ಷಿ ಹೇಳಬೇಡ.

ಕಚೇರಿ ಯಾವುದೆಂದು ನಾನು ಬರೆಯುವುದಿಲ್ಲ. ಬರೆದರೆ ಪಿಂಚಣಿ ನಿಲ್ಲಿಸುತ್ತಾರೆಂದು ಅವನಿಗೆ ಈಗಲೂ ಸಂಶಯ.

ನಾನು ನಂದಕಿಶೋರ, ಅವನ ಎದುರು ಮನೆಯವನು. ಸ್ಟೇಷನ್ ರಸ್ತೆಯ ಕಡೆಯ ಅಂಚೆ ಕಚೇರಿಯಲ್ಲಿ ನೌಕರಿ ಮಾಡಿ ಅವನಿಗಿಂತ ಎರಡು ವರ್ಷ ಮೊದಲು ನಿವೃತ್ತನಾದೆ. ನಾನು ತಂದ ಕಾಗದಕ್ಕೆ ಜನ ಓಡಿ ಬರುತ್ತಿದ್ದರು, ಅವನು ತಂದ ಕಾಗದಕ್ಕೆ ಓಡಿ ಹೋಗುತ್ತಿದ್ದರು. ನನಗೆ ಇದರ ಜಂಬ ಇತ್ತು ಎಂದು ಒಪ್ಪಿಕೊಳ್ಳುತ್ತೇನೆ. ಸಂಜೆ ಅವನ ಕಟ್ಟೆಯ ಮೇಲೆ ಕೂತು ಆಗಾಗ ಆಡಿಕೊಂಡು ನಗುತ್ತಿದ್ದೆ. ಒಂದು ಸಂಜೆ ಅವನು ತನ್ನ ನೌಕರಿಯ ಎರಡನೆಯ ವರ್ಷದ ಕತೆ ಹೇಳಿದ. ಆಮೇಲೆ ಅವನ ನೌಕರಿಯ ಬಗ್ಗೆ ನಗಲಿಲ್ಲ.

ಆಗ ಅವನು ಸಾರವಾಡದಿಂದ ದಿನಾ ಬಸ್ಸಿನಲ್ಲಿ ಬರುತ್ತಿದ್ದ ಹೊಸ ಹುಡುಗ. ಒಬ್ಬ ಗುಮಾಸ್ತನ ಜೊತೆ ಊರಂಚಿನ ಒಂದು ಓಣಿಗೆ ಹೋಗಿದ್ದ. ಗುಮಾಸ್ತ ನಕ್ಕು ನಕ್ಕು ಮಾತಾಡಿದ: ನಿಮ್ಮ ಓಣಿಗೆ ಏನೇನು ಬೇಕು ಹೇಳಿರಿ, ನಳ ಬೇಕೋ, ದೀಪ ಬೇಕೋ. ಜನ ಹೇಳಿದರು, ಗುಮಾಸ್ತ ಬರೆದುಕೊಂಡ, ಕೆಳಗೆ ಸಹಿ ಹಾಕಿಸಿಕೊಂಡ. ಹೆಬ್ಬೆಟ್ಟಿನವರಿಗೆ ಮಸಿಯ ಡಬ್ಬಿ ಹಿಡಿದವನು ಧರ್ಮರಾಜ. ಬಬಲೇಶ್ವರದ ಕಡೆಯಿಂದ ಬಂದು ನೆಲೆಸಿದ್ದ ಒಬ್ಬ ಮುದುಕಿ ಅವನಿಗೆ ಮಜ್ಜಿಗೆ ಕೊಟ್ಟಿದ್ದಳು. ಆರು ತಿಂಗಳಿಗೆ ಅದೇ ಸಹಿಗಳು ರಸ್ತೆ ಅಗಲಿಸಲು ಕೊಟ್ಟ ಒಪ್ಪಿಗೆಯಾಗಿ ಹೊರಬಂದವು. ನೋಟೀಸು ಅಂಟಿಸಲು ಕಳಿಸಿದ್ದೂ ಧರ್ಮರಾಜನನ್ನೇ.

‘ಆ ಮುದುಕಿ ಬೈಲಿಲ್ರಿ ರಾಯರ,’ ಎಂದ. ‘ಬೈದಿದ್ರ ಛಲೋ ಆಗ್ತಿತ್ತು. ನಾ ನೋಟೀಸಿನ ಬೆನ್ನಿಗೆ ಖಳಾ ಹಚ್ಚಾಕತ್ತಿದ್ದೆ. ಬಾಜೂಕ ನಿಂತು, ನಳ ಯಾವಾಗ ಬರತೈತೋ ತಮ್ಮಾ ಅಂದ್ಲು.’

ಅಂದಿನಿಂದ ಯಾರಾದರೂ ಕಾಗದ ಹಿಡಿದು, ನಗುತ್ತ, ‘ನಿಮ್ಮ ಅಭಿಪ್ರಾಯ ಏನು’ ಎಂದು ಕೇಳಿದರೆ ಧರ್ಮರಾಜನಿಗೆ ಮೈ ಬೆವರುತ್ತದೆ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವರನ್ನು ಕಂಡು ನಾವು ನಗುತ್ತೇವೆ. ಇವನು ಕದ್ದವನೂ ಅಲ್ಲ, ಕದ್ದವರ ಬುಟ್ಟಿ ಹಿಡಿದವನು. ಅಂಥವರ ಹೆಗಲೇ ಹೆಚ್ಚು ಭಾರವಿರುತ್ತದೆ ಎಂದು ನನಗೆ ಅವನನ್ನು ನೋಡಿ ಗೊತ್ತಾಯಿತು.

ಇನ್ನು ಅವನ ಹೆಂಡತಿ ಪರಸವ್ವನ ಮಾತು. ಈ ಕತೆಯಲ್ಲಿ ಇರುವುದೇ ಅವಳ ಗೋಡೆ.

ನಮ್ಮ ಕಡೆ ಮದುವೆ ಮನೆ ಎಂದರೆ ಬಾಗಿಲ ಪಕ್ಕದ ಗೋಡೆಗೆ ಸುಣ್ಣ ಬಳಿದು, ಅದರ ಮೇಲೆ ಚಿತ್ರ ತೆಗೆದು, ಮದುಮಕ್ಕಳ ಹೆಸರು, ತಾರೀಖು ಬರೆಯುವ ರೂಢಿ. ಈಗ ಬ್ಯಾನರು ಬಂದಿವೆ, ಅದರಲ್ಲಿ ಮದುಮಕ್ಕಳಿಗಿಂತ ಸೋದರಮಾವಂದಿರ ಮುಖ ದೊಡ್ಡದು. ಆದರೆ ನಮ್ಮ ಓಣಿಯಲ್ಲಿ ಮೊನ್ನೆ ಮೊನ್ನೆಯವರೆಗೆ ಪರಸವ್ವನ ಕೈಯೇ ನಡೆಯುತ್ತಿತ್ತು. ಹುರಮಂಜಿನ ಕೆಂಪು, ಕಾಡಿಗೆಯ ಕಪ್ಪು, ಬಟ್ಟೆಗೆ ಹಾಕುವ ನೀಲಿ, ಇಷ್ಟರಲ್ಲೇ ಮುಗಿಸುತ್ತಿದ್ದಳು. ಬಾಳೆಗಿಡ, ಗಿಳಿ, ತಮ್ಮವರ ಮನೆಗಾದರೆ ಅರಳಿ ಎಲೆ, ಧಮ್ಮಚಕ್ರ. ಅಕ್ಷರ ಬರುತ್ತಿರಲಿಲ್ಲ. ಧರ್ಮರಾಜ ಚೀಟಿಯಲ್ಲಿ ಹೆಸರು ಬರೆದುಕೊಟ್ಟರೆ ಅದನ್ನೂ ಗಿಳಿಯ ಹಾಗೆಯೇ ನೋಡಿ ನೋಡಿ ತೆಗೆಯುತ್ತಿದ್ದಳು. ಹಾಗಾಗಿ ಅವಳ ಅಕ್ಷರಗಳಿಗೆ ಕೊಕ್ಕು, ಬಾಲ ಎಲ್ಲ ಇರುತ್ತಿದ್ದವು.

ನನ್ನ ಮದುವೆಗೆ ನಮ್ಮ ಮನೆಯವರು ಅವಳನ್ನು ಕರೆದಿರಲಿಲ್ಲ. ಅವಳು ಯಾರ ಪೈಕಿ ಎಂಬುದೇ ಕಾರಣ, ಬೇರೆ ಕಾರಣವಿರಲಿಲ್ಲ. ನೆನೆದರೆ ನಾಚಿಕೆಯಾಗುತ್ತದೆ. ನನ್ನ ಹಿರಿಯ ಮಗಳ ಮದುವೆಯ ಹೊತ್ತಿಗೆ ನನ್ನ ತಾಯಿ ತುಳಸಾಬಾಯಿಯೇ ಎದುರು ಮನೆಗೆ ಹೋಗಿ, ‘ಪರಸವ್ವಾ, ನಮ್ಮ ಗ್ವಾಡಿಗೂ ಒಂದು ಗಿಳಿ ತಗದು ಕೊಡು’ ಎಂದು ಕೇಳಿ ಬಂದಳು. ಪರಸವ್ವ ಎರಡು ಗಿಳಿ ತೆಗೆದಳು.

ಅವಳು ತೆಗೆದ ಕೊನೆಯ ಚಿತ್ರ ಸ್ವಂತ ಮಗಳು ಆಮ್ರಪಾಲಿಯ ಮದುವೆಯದು. ಮಗಳು ಮದುವೆಯಾಗಿ ಸೋಲಾಪುರಕ್ಕೆ ಹೋದಳು, ಮರುವರ್ಷ ಪರಸವ್ವ ನಾಲ್ಕು ದಿನ ಜ್ವರ ಬಂದು ತೀರಿಕೊಂಡಳು. ಧರ್ಮರಾಜನ ಮನೆಯ ಮುಂದಿನ ಗೋಡೆಯಲ್ಲಿ ಆ ಚಿತ್ರ ಉಳಿಯಿತು. ಹುರಮಂಜಿನ ಗೆರೆಯಲ್ಲಿ ದೊಡ್ಡದೊಂದು ಬಿಳಿ ಆನೆ, ಸುತ್ತ ಅರಳಿ ಎಲೆ. ಆನೆಗೆ ಐದು ಕಾಲು. ಮದುವೆಯ ದಿನ ಬೀಗರಲ್ಲಿ ಯಾರೋ ಎಣಿಸಿ ನಕ್ಕಾಗ ಪರಸವ್ವ, ‘ನಿಂತಿದ್ದಲ್ರಿ ಅದು, ನಡಿಯಾಕತ್ತೈತಿ. ನಡಿಯೂವಾಗ ಕಾಲು ಎಣಸಾಕ ಬರತಾವೇನು’ ಎಂದಿದ್ದಳು.

ಆ ಗೋಡೆಗೆ ಧರ್ಮರಾಜ ಆಮೇಲೆ ಸುಣ್ಣ ಮುಟ್ಟಿಸಲಿಲ್ಲ. ಮಳೆಗೆ ತಗಡು ಕಟ್ಟಿದ, ಸೈಕಲ್ಲು ಒರಗಿಸಿದರೆ ಬೈದ. ನಾವು ಅವನ ಕಟ್ಟೆಯಲ್ಲಿ ಕೂತರೂ ಬೆನ್ನು ತಾಗಿಸುತ್ತಿರಲಿಲ್ಲ.

ಕಳೆದ ವರ್ಷ ಊರಿನಲ್ಲಿ ಒಂದು ಹೊಸ ಸಮಿತಿ ಹುಟ್ಟಿತು. ಊರಿನ ಗೋಡೆ, ಚೌಕ, ಬಸ್ಸು ನಿಲ್ಲುವ ಜಾಗಗಳಲ್ಲಿ ಯಾವ ಚಿತ್ರ, ಯಾವ ಮೂರ್ತಿ ಇರಬೇಕು ಎಂದು ಯೋಜನೆ ಮಾಡುವುದು, ಅದಕ್ಕೆ ಮೊದಲು ಓಣಿ ಓಣಿಗೆ ಹೋಗಿ ಜನರನ್ನೇ ಕೇಳುವುದು. ಕಾಲೇಜಿನಲ್ಲಿ ಪಾಠ ಹೇಳುವ ನನ್ನ ಕಿರಿಯ ಮಗಳು ಮೃಣಾಲ ನಮ್ಮ ಭಾಗದ ಮುಖ್ಯಸ್ಥೆ. ಅವಳೂ ಅವಳ ವಿದ್ಯಾರ್ಥಿನಿಯರೂ ಒಂದು ಭಾನುವಾರ ಬೆಳಿಗ್ಗೆ ಫಾರ್ಮು ಹಿಡಿದು ಓಣಿಗೆ ಇಳಿದರು. ನಾಲ್ಕು ಪ್ರಶ್ನೆ: ಓಣಿಯಲ್ಲಿ ನಿಮಗೆ ಇಷ್ಟವಾದ ಜಾಗ ಯಾವುದು, ಊರಿನ ಗೋಡೆಯ ಮೇಲೆ ಏನಿರಬೇಕು, ಏನಿರಬಾರದು, ನಿಮ್ಮ ಓಣಿಯಲ್ಲಿ ಯಾರೂ ಮುಟ್ಟಬಾರದಂಥದು ಏನಿದೆ.

ಧರ್ಮರಾಜ ಕೈ ಹಿಂದೆ ಕಟ್ಟಿಕೊಂಡು ಕಟ್ಟೆಯ ಮೇಲೆ ನಿಂತ.

‘ಕಾಕಾ, ಇದರಾಗ ಸಹಿ ಬ್ಯಾಡ, ಏನೂ ಬ್ಯಾಡ. ಬರೇ ನಿಮ್ಮ ಮನಸಿನ ಮಾತು ಹೇಳ್ರಿ,’ ಎಂದಳು ಮೃಣಾಲ.

‘ಹಂಗಽ ಹೇಳ್ತಾರವಾ ತಂಗಿ. ನಾನೂ ಹಂಗಽ ಹೇಳಿದವನು.’

‘ಇದೊಂದು ಕರಪತ್ರ ಅದ. ಓದರಿ.’

‘ಕಟ್ಟಿ ಮ್ಯಾಲ ಇಡು.’

ಅವಳು ಇಟ್ಟಳು. ಅವರು ಮುಂದಿನ ಮನೆಗೆ ಹೋದ ಮೇಲೆ ಬಗ್ಗಿ ಓದಲು ನೋಡಿದನೇನೋ, ಅಷ್ಟರಲ್ಲಿ ಗಾಳಿ ಬಂತು, ಕಾಗದ ಹಾರಿ ಗಟಾರಕ್ಕೆ ಬಿತ್ತು. ಪೀಡೆ ಹೋಯಿತು ಎಂಬಂತೆ ಅವನು ನೋಡಿದ. ನಾನು ಎದುರಿನ ಕಿಟಕಿಯಿಂದ ಕಂಡು ನಕ್ಕೆ. ಆ ನಗುವಿಗೆ ಈಗ ನನ್ನ ಕೆನ್ನೆಗೆ ನಾನೇ ಹೊಡೆದುಕೊಳ್ಳಬೇಕು.

ಆ ದಿನ ಮಧ್ಯಾಹ್ನದ ಹೊತ್ತಿಗೆ ಅವನು ಓಣಿಯ ಮನೆ ಮನೆಗೂ ಹೋಗಿ ಫಾರ್ಮಿನ ಅರ್ಥ ಬಿಡಿಸಿ ಬಂದಿದ್ದ. ‘ಇಷ್ಟವಾದ ಜಾಗ ಅಂದ್ರ ಮೊದಲ ಕೆಡವೂ ಜಾಗ. ಏನಿರಬಾರದು ಅಂದ್ರ ಯಾರಿರಬಾರದು ಅಂತ ಕೇಳಾಕತ್ತಾರ. ಬಾಯಿ ಬಿಟ್ರ ಕೆಟ್ಟಿರಿ.’ ಮಾರನೆಯ ವಾರ ಹುಡುಗಿಯರು ಬಂದರೆ ಅರ್ಧ ಬಾಗಿಲು ಮುಚ್ಚಿದ್ದವು. ಚಹಾ ಅಂಗಡಿಯ ರೇವಪ್ಪ ಹುಟ್ಟಿ ಬೆಳೆದದ್ದು ಇದೇ ಓಣಿಯಲ್ಲಿ, ಅವನು ತನ್ನ ಹೆಸರು ದಶರಥ, ಊರು ತಿಕೋಟಾ ಎಂದು ಬರೆಸಿದ. ಮೂಲೆಮನೆಯ ನೀಲಾಬಾಯಿ, ಮದುವೆಯಾಗಿ ಬಂದು ಇಪ್ಪತ್ತೆರಡು ವರ್ಷವಾದವಳು, ‘ನಾ ಇಲ್ಲಿಯಾಕಿ ಅಲ್ಲವಾ, ಪಾವಣ್ಯಾರ ಮನಿಗೆ ಬಂದೇನಿ’ ಎಂದು ನೆಂಟರ ಮನೆಗೆ ಬಂದವಳಂತೆ ಬಾಗಿಲು ಹಾಕಿಕೊಂಡಳು. ಊರಿಗೆಲ್ಲ ಹೆಸರಾದ ಓಣಿಯಲ್ಲಿ ಅಂದು ಒಬ್ಬನೇ ಒಬ್ಬ ನಿವಾಸಿ ಇರಲಿಲ್ಲ.

ಮೃಣಾಲ ನನ್ನ ಮಗಳು, ಹಟಕ್ಕೆ ಅವಳ ಅಜ್ಜಿಯ ಮೊಮ್ಮಗಳು. ರೇವಪ್ಪನ ಅಂಗಡಿಯಲ್ಲಿ ಒಂದು ರಟ್ಟಿನ ಡಬ್ಬಿ ಇಟ್ಟಳು. ಹೆಸರು ಬೇಡ, ಊರು ಬೇಡ, ಒಂದೇ ಒಂದು ಚೀಟಿ: ಯಾರೂ ಮುಟ್ಟಬಾರದಂಥದು ಏನಿದೆ? ಒಂದು ವಾರದಲ್ಲಿ ಡಬ್ಬಿಗೆ ಮೂವತ್ತನಾಲ್ಕು ಚೀಟಿ ಬಿದ್ದವು. ಒಬ್ಬರು ಹಾಕಿದ್ದು ಆಗ ಇನ್ನೊಬ್ಬರಿಗೆ ಗೊತ್ತಿಲ್ಲ, ಧರ್ಮರಾಜನಿಗಂತೂ ಗೊತ್ತೇ ಇಲ್ಲ. ನಾನೂ ಹಾಕಿದೆ. ಕಳ್ಳನ ಹಾಗೆ ಸುತ್ತ ನೋಡಿ ಹಾಕಿದೆ.

ಆ ಭಾನುವಾರ ಊಟಕ್ಕೆ ಕೂತಾಗ ಮೃಣಾಲ, ‘ಅಪ್ಪಾ, ನಮ್ಮ ಓಣಿಯ ಉತ್ತರ ಕಾಪಾಡಬೇಕಾದ್ದರ ಪಟ್ಟಿಯೊಳಗ ಮೊದಲನೇದಾಗೇದ’ ಎಂದಳು. ‘ಪರಸವ್ವಕಾಕೂನ ಗೋಡಿ. ಆದ್ರ ಚೀಟಿ ಯಾರು ಬರದ್ರು ಅನ್ನೂದು ಹೊರಗ ಹೋಗಬಾರದು. ಮಾತು ಕೊಟ್ಟೀನಿ.’

ನನಗೆ ಹೊಟ್ಟೆಯಲ್ಲಿ ಸುದ್ದಿ ನಿಲ್ಲುವುದಿಲ್ಲ. ಅಂಚೆಯವನ ಚಟ. ಕೈ ತೊಳೆದು ನೇರ ಎದುರು ಮನೆಗೆ ಹೋದೆ. ಬರಬಾರದ್ದು ನನ್ನ ಬಾಯಿಯಿಂದಲೇ ಬಂತು.

‘ಧರ್ಮಣ್ಣ, ಪೇಢೆ ಹಂಚಬೇಕು ನೋಡು. ನಿನ್ನ ಗೋಡಿ ಪಟ್ಟಿಯೊಳಗ ಬಂದದ. ಮೊದಲನೇ ನಂಬರ.’

ಅವನ ಕೈಗಳು ಬೆನ್ನ ಹಿಂದೆ ಹೋದವು. ‘ಯಾವ ಪಟ್ಟಿ?’

‘ಕಾಪಾಡೂ ಪಟ್ಟಿ. ಯಾರೂ ಮುಟ್ಟೋ ಹಂಗಿಲ್ಲ ಇನ್ನ.’

‘ಯಾರು ಸೇರಿಸಿದ್ರು?’

ಮಗಳಿಗೆ ಕೊಟ್ಟ ಮಾತು ನೆನಪಾಗಿ, ‘ಅದು ಹೇಳೂಹಂಗಿಲ್ಲ’ ಎಂದೆ. ಹೇಳುವ ಹಾಗಿಲ್ಲ ಎಂಬ ಮಾತನ್ನು ಅವನಂಥವನಿಗೆ ಹೇಳಬಾರದೆಂದು ಅರವತ್ತೈದು ದಾಟಿದ ನನಗೆ ತಿಳಿಯಲಿಲ್ಲ.

ಅವನ ಭಯಕ್ಕೆ ಆಧಾರವಿತ್ತು. ಮಗ ಕುನಾಲ ತಿಕೋಟಾದಲ್ಲಿ ಶಾಲಾ ಮಾಸ್ತರ. ಅವನು, ಸೊಸೆ ವಿಶಾಖಾ, ಎರಡು ಮೊಮ್ಮಕ್ಕಳು, ಧರ್ಮರಾಜ, ಇಷ್ಟೂ ಜನ ಎರಡೇ ಕೋಣೆಯಲ್ಲಿ. ಮೇಲೆ ಎರಡು ಕೋಣೆ ಏರಿಸಲು ಕುನಾಲ ಪರವಾನಗಿಗೆ ಅರ್ಜಿ ಹಾಕಿ ನಾಲ್ಕು ತಿಂಗಳಾಗಿತ್ತು. ಈ ಬೇಸಿಗೆಯೊಳಗೆ ಸಿಗದಿದ್ದರೆ ತಿಕೋಟಾದಲ್ಲೇ ಬಾಡಿಗೆ ಮನೆ ಹಿಡಿಯುವುದೆಂದು ಗಂಡಹೆಂಡತಿ ಮಾತಾಡಿಕೊಂಡಿದ್ದರು. ಇನ್ನು ನಮ್ಮ ಊರಿನಲ್ಲಿ ‘ಕಾಪಾಡುವುದು’ ಎಂದರೆ ಏನೆಂದು ಯಾರಿಗೆ ಗೊತ್ತಿಲ್ಲ? ಹಳೆಯ ಗುಮ್ಮಟಗಳ ಪಕ್ಕ ಮನೆ ಇರುವವರು ಒಂದು ಗೋಡೆ ಎತ್ತಬೇಕಾದರೂ ಎಷ್ಟು ಬಾಗಿಲು ತಟ್ಟುತ್ತಾರೆಂದು ನೋಡುತ್ತಲೇ ಬೆಳೆದಿದ್ದೇವೆ. ಸುಲ್ತಾನರ ಗೋಡೆಗೆ ಆ ಕಾನೂನಾದರೆ ಪರಸವ್ವನ ಗೋಡೆಗೂ ನಾಳೆ ಅದೇ ಬರಬಹುದು, ಆಮೇಲೆ ಮಹಡಿ ಎಲ್ಲಿಯದು, ಮೊಮ್ಮಕ್ಕಳು ಎಲ್ಲಿ. ಅವನ ತಲೆ ಓಡಿದ ದಾರಿ ಇದು. ನನ್ನ ತಲೆಯೂ ಅಲ್ಲಿ ಕೂತಿದ್ದರೆ ಅದೇ ದಾರಿಯಲ್ಲಿ ಓಡುತ್ತಿತ್ತು.

ಎರಡು ದಿನ ಅವನು ಕಟ್ಟೆಗೆ ಬರಲಿಲ್ಲ. ಮೂರನೆಯ ದಿನ ಬೆಳಿಗ್ಗೆ ನಾನು ಹಾಲಿಗೆ ಹೊರಟವನು ಬಾಗಿಲಲ್ಲೇ ನಿಂತೆ. ಧರ್ಮರಾಜ ಬಕೆಟ್ಟು, ಕುಂಚ ಹಿಡಿದು ಗೋಡೆಯ ಮುಂದಿದ್ದ. ಎಲೆಗಳೆಲ್ಲ ಹೋಗಿದ್ದವು. ಆನೆಯ ಬೆನ್ನು ಹೋಗಿತ್ತು. ಕೆಳಗೆ ಐದು ಕಾಲು ಮಾತ್ರ ಉಳಿದಿದ್ದವು. ಅವನು ಕುಂಚವನ್ನು ಸುಣ್ಣದಲ್ಲಿ ಅದ್ದುತ್ತಿದ್ದ, ಕಾಲಿನ ಹತ್ತಿರ ತರುತ್ತಿದ್ದ, ಮತ್ತೆ ಬಕೆಟ್ಟಿಗೆ ಇಡುತ್ತಿದ್ದ. ನಾನು ಕರೆಯಲಿಲ್ಲ. ನೋಡುವಷ್ಟು ಹೊತ್ತು ನೋಡಿ ಹಿತ್ತಲ ಬಾಗಿಲಿನಿಂದ ಹಾಲಿಗೆ ಹೋದೆ. ಬರುವಾಗ ಗೋಡೆ ಪೂರ್ತಿ ಬೆಳ್ಳಗಿತ್ತು.

ಕರೆಯಬೇಕಿತ್ತು. ಕರೆಯದಿದ್ದುದಕ್ಕೆ ಕಾರಣ ಹೇಳುತ್ತೇನೆ, ಅದು ನನ್ನ ಸಣ್ಣತನ. ಮೃಣಾಲಳ ಕರಪತ್ರದ ಕೊನೆಯ ಸಾಲು ನನಗೆ ಬಾಯಿಪಾಠವಿತ್ತು, ತಪ್ಪು ತಿದ್ದಿಕೊಟ್ಟವನೇ ನಾನು: ‘ಚಿತ್ರ ಬರೆಯಲು ತಮ್ಮ ಗೋಡೆ ಕೊಡಲು ಒಪ್ಪುವವರು ತಿಂಗಳ ಕೊನೆಯೊಳಗೆ ಗೋಡೆಗೆ ಬಿಳಿ ಸುಣ್ಣ ಬಳಿದಿಡಬೇಕು. ಬಿಳಿ ಗೋಡೆಯನ್ನೇ ಒಪ್ಪಿಗೆಯೆಂದು ತಿಳಿಯಲಾಗುವುದು.’ ಸಹಿ ಎಂದರೆ ಜನ ಹೆದರುತ್ತಾರೆಂದು ಮಾಡಿದ ಉಪಾಯ ಅದು. ಗಟಾರಕ್ಕೆ ಹೋದ ಆ ಕಾಗದವನ್ನು ಅವನು ಓದಿಲ್ಲ ಎಂಬುದು ನನಗೆ ಹೊಳೆಯಬೇಕಿತ್ತು. ಹೊಳೆಯಲಿಲ್ಲ. ಹೊಳೆದದ್ದು ಬೇರೆ: ಎಲ್ಲರ ಬಾಯಿ ಮುಚ್ಚಿಸಿ ಇವನೊಬ್ಬ ಒಳಗೊಳಗೆ ಒಪ್ಪಿಕೊಂಡ.

ಸುಣ್ಣ ಬಳಿದ ನಾಲ್ಕನೆಯ ದಿನಕ್ಕೆ ಸರಿಯಾಗಿ ಕುನಾಲನ ಪರವಾನಗಿ ಬಂತು.

ಇನ್ನೇನು ಬೇಕು? ಧರ್ಮರಾಜ ಎದೆಯ ಮೇಲೆ ಕೈ ಇಟ್ಟುಕೊಂಡ. ಗೋಡೆ ಅಳಿಸಿದ್ದಕ್ಕೇ ಮಗನ ಕಾಗದ ಬಿಡುಗಡೆಯಾಯಿತು, ತನ್ನ ಸಂಶಯ ನೂರಕ್ಕೆ ನೂರು ಖರೆ ಎಂದು ಅವನಿಗೆ ಸಾಬೀತಾಯಿತು. ಓಣಿಗೂ ಸಾಬೀತಾಯಿತು, ಉಲ್ಟಾ. ರೇವಪ್ಪ ಚಹಾ ಸೋಸುತ್ತ, ‘ಬೆಂಕಿ ಇಲ್ಲದ ಹೊಗಿ ಏಳೂದಿಲ್ಲ. ಗ್ವಾಡಿ ಕೊಟ್ಟ, ಮಾಳಿಗಿ ತಗೊಂಡ’ ಎಂದ. ಅಂಗಡಿಯಲ್ಲಿದ್ದವರೆಲ್ಲ ತಲೆಯಾಡಿಸಿದರು. ನೀಲಾಬಾಯಿ, ‘ಪರಸಕ್ಕ ಇದ್ದಿದ್ರ ಕೈ ಮುರದು ಹಾಕ್ತಿದ್ಲು’ ಎಂದಳು. ಧರ್ಮರಾಜ ಅಂಗಡಿಗೆ ಬಂದರೆ ಮಾತು ನಿಲ್ಲುತ್ತಿತ್ತು. ಕಟ್ಟೆಗೆ ನಾನೂ ಹೋಗಲಿಲ್ಲ. ನನ್ನ ತಾಯಿ ಮಾತ್ರ, ಎಂಬತ್ತೆಂಟರ ಮುದುಕಿ, ‘ಹೋಗಿ ಕೇಳಬಾರದೇನೋ ನಂದೂ, ಬಾಯಿಗೆ ಬರ ಬಂದದೇನು?’ ಎಂದಳು. ಕೇಳಲು ಹೋಗಲಿಲ್ಲ. ಸಂಶಯ ಪಡುವುದರಲ್ಲಿ ಒಂದು ಸುಖವಿದೆ, ಅದು ಬಿಡಗೊಡುವುದಿಲ್ಲ.

ಅದರ ಮುಂದಿನ ವಾರದ ಶನಿವಾರ ಬೆಳಿಗ್ಗೆ ಒಂದು ಟಂಟಂ ಆಟೋ ಬಂದು ನಿಂತಿತು. ನಿಚ್ಚಣಿಕೆ, ಬಣ್ಣದ ಡಬ್ಬಿ, ಇಬ್ಬರು ಚಿತ್ರಕಾರರು, ಹಿಂದೆ ಸ್ಕೂಟಿಯ ಮೇಲೆ ಮೃಣಾಲ. ಅವಳ ಮುಖವೂ ಸರಿಯಿರಲಿಲ್ಲ, ಅವಳಿಗೂ ಆ ಬಿಳಿ ಗೋಡೆ ಅರ್ಥವಾಗಿರಲಿಲ್ಲ. ಚಿತ್ರಕಾರರಲ್ಲಿ ಗಡ್ಡದವನು, ಅಜಿತ ಎಂದು ಅವನ ಹೆಸರು, ನಿಚ್ಚಣಿಕೆಯನ್ನು ತಂದು ಧರ್ಮರಾಜನ ಗೋಡೆಗೇ ಒರಗಿಸಿದ.

ಧರ್ಮರಾಜ ಒಳಗಿನಿಂದ ಬಂದ. ‘ಯಾರು ಕರದ್ರು ನಿಮ್ಮನ್ನ?’

‘ನೀವಽ ಅಲ್ರಿ ಕಾಕಾ,’ ಎಂದ ಅಜಿತ. ‘ಸುಣ್ಣಾ ಬಳದು ಒಪ್ಪಿಗಿ ಕೊಟ್ಟೀರಿ. ಈ ಸಾಲಿನಾಗ ನಿಮ್ಮದೊಂದಽ ಬಿಳಿ ಗ್ವಾಡಿ.’

‘ಒಪ್ಪಿಗಿ? ನಾ ಎಲ್ಲಿ ಸಹಿ ಮಾಡೇನಿ?’

ಮೃಣಾಲ ಚೀಲದಿಂದ ಕರಪತ್ರ ತೆಗೆದು ಕೊನೆಯ ಸಾಲು ಓದಿದಳು. ಮಧ್ಯದಲ್ಲಿ ಅವಳ ದನಿ ಸಣ್ಣದಾಯಿತು, ಆದರೂ ಓದಿ ಮುಗಿಸಿದಳು. ಧರ್ಮರಾಜ, ‘ಇನ್ನೊಮ್ಮೆ ಓದು’ ಎಂದ. ಓದಿದಳು. ಅವನು ಗೋಡೆಯ ಕಡೆ ತಿರುಗಿ ಅದನ್ನೇ ನೋಡತೊಡಗಿದ.

ಅಷ್ಟರಲ್ಲಿ ಬಾಗಿಲು ಬಾಗಿಲಿಗೂ ಜನ ನಿಂತಿದ್ದರು. ರೇವಪ್ಪ ಅಂಗಡಿ ಬಿಟ್ಟು ಬಂದಿದ್ದ. ಬಹಳ ದಿನದಿಂದ ತಡೆದದ್ದು ಅವನ ಬಾಯಿಯಿಂದ ಹೊರಬಿತ್ತು. ‘ನಾಟಕ ಮಾಡಬ್ಯಾಡ ಧರ್ಮಣ್ಣ. ನಾವೆಲ್ಲಾ ಅದನ್ನ ಮುಟ್ಟಬ್ಯಾಡ್ರಿ ಅಂತ ಬರದ ಹಾಕಿದ್ವಿ. ನೀನಽ ಹೋಗಿ ಮಾಳಿಗಿ ಸಲುವಾಗಿ ಕೊಟ್ಟು ಬಂದಿ.’

‘ಯಾರು ಬರದ್ರಿ?’ ಎಂದ ಧರ್ಮರಾಜ. ಅವನಿಗೆ ಮೊದಲ ಅರ್ಧ ಮಾತ್ರ ಕೇಳಿತ್ತು.

ಮೃಣಾಲ ನನ್ನನ್ನು ನೋಡಿದಳು. ಕೊಟ್ಟ ಮಾತು ಮುರಿಯಲೋ ಎಂದು ಕೇಳುವ ನೋಟ. ನಾನು ತಲೆಯಾಡಿಸಿದೆ. ಅವಳು ಚೀಲದಿಂದ ರಬ್ಬರ್ ಹಾಕಿದ ಚೀಟಿಗಳ ಕಟ್ಟು ತೆಗೆದು ಒಂದೊಂದಾಗಿ ಓದಿದಳು. ‘ಧರ್ಮಣ್ಣನ ಮನಿ ಮುಂದಿನ ಆನಿ.’ ‘ಪರಸಕ್ಕ ತಗದ ಗ್ವಾಡಿ.’ ‘ಪರಸವ್ವನ ಕೈ.’ ‘ನಡಿಯೂ ಆನಿ, ಅದನ್ನ ಯಾರೂ ಮುಟ್ಟಬ್ಯಾಡ್ರಿ, ಮುಟ್ಟಿದ್ರ ನಮ್ಮ ಓಣಿಗೆ ಬರಬ್ಯಾಡ್ರಿ.’ ಇದು ರೇವಪ್ಪನದು, ಅವನ ಕಿವಿ ಕೆಂಪಾದದ್ದು ನೋಡಿ ಗೊತ್ತಾಯಿತು. ‘ಅಕಿ ನಮ್ಮ ಮನಿಗೆ ಎರಡು ಗಿಳಿ ತಗದು ಕೊಟ್ಟಾಳ, ನಾವು ಅಕಿಗೆ ಏನೂ ಕೊಟ್ಟಿಲ್ಲ.’ ಅದು ನನ್ನ ತಾಯಿ ಹೇಳಿ ಬರೆಸಿದ್ದು. ಬರೆದ ಅಕ್ಷರ ನನ್ನದು. ಮೂವತ್ತನಾಲ್ಕರಲ್ಲಿ ಮೂವತ್ತೊಂದು ಚೀಟಿ ಅವನ ಗೋಡೆಯದೇ.

ಓದುತ್ತ ಹೋದ ಹಾಗೆ ಧರ್ಮರಾಜ ಕಟ್ಟೆಯ ಮೇಲೆ ಕೂತ. ‘ನಾನು ಸರಕಾರದವ್ರು ಪಟ್ಟಿಗೆ ಹಾಕ್ಯಾರ ಅಂತ ತಿಳದಿದ್ದೆ,’ ಎಂದ. ‘ಮಾಳಿಗಿ ನಿಲ್ಲಸ್ತಾರ ಅಂತ ತಿಳದೆ. ಅದಕ್ಕಽ ಬಳದೆ.’ ಅಷ್ಟು ಹೊತ್ತಿಗೆ ಕುನಾಲ ಹೊರಗೆ ಬಂದಿದ್ದ. ಪರವಾನಗಿಯ ಕತೆ ಏನೂ ಇರಲಿಲ್ಲ, ನಕಾಶೆಯಲ್ಲಿ ಒಂದು ಅಳತೆ ತಪ್ಪಿತ್ತು, ಹಿಂದಿನ ತಿಂಗಳೇ ತಾನು ತಿದ್ದಿ ಕೊಟ್ಟಿದ್ದೆ ಎಂದ. ತಂದೆ ಸುಣ್ಣ ಬಳಿಯುವಾಗ ಅವನು ತಿಕೋಟಾದ ಬಸ್ಸಿನಲ್ಲಿದ್ದ. ಸಂಜೆ ಬಂದು ಕೇಳಿದಾಗ ತಂದೆ, ‘ಹಳೇದಾಗಿತ್ತು’ ಎಂದಿದ್ದನಂತೆ.

ರೇವಪ್ಪ ತಲೆ ತಗ್ಗಿಸಿ ನಿಂತ. ನನಗೆ ನಿಂತ ನೆಲ ಬೇಡವಾಯಿತು. ‘ಪಟ್ಟಿ ಅಂತ ಬಂದು ಹೇಳಿದವ ನಾನು ಧರ್ಮಣ್ಣ’ ಎಂದೆ. ಅವನು, ‘ನಾ ಕೇಳಬೇಕಾಗಿತ್ರಿ’ ಎಂದ. ನಾನೂ ಕೇಳಬೇಕಾಗಿತ್ತು. ಕೆಟ್ಟ ಮೇಲೆ ಬುದ್ಧಿ ಬಂತು ಎನ್ನುವುದು ನಮ್ಮಂಥವರನ್ನು ನೋಡಿಯೇ.

‘ಇನ್ನೂ ಹೊಸಾ ಸುಣ್ಣ,’ ಎಂದಳು ನೀಲಾಬಾಯಿ. ‘ನೀರು ಹಾಕಿ ತೊಳದ್ರ ಹೋಗತೈತೇನೋ.’

‘ಹುರಮಂಜೂ ನೀರಿಗೇ ಹೋಗತೈತವಾ,’ ಎಂದ ಧರ್ಮರಾಜ. ‘ತೊಳದ್ರ ಎರಡೂ ಹೋದು.’

ಅಜಿತ ಒಳ್ಳೆಯ ಹುಡುಗ. ಮೊಬೈಲು ತೆಗೆದು ತೋರಿಸಿದ. ‘ಕಾಕಾ, ಪಟ್ಟಿ ಸಲುವಾಗಿ ತಗದ ಫೋಟೋ ಐತಿ ನಮ್ಮ ಹತ್ರ. ಹಂಗಽ ತಗದು ಕೊಡ್ತೇನಿ. ಒಂದು ಗೆರಿ ಹೆಚ್ಚುಕಮ್ಮಿ ಆಗೂದಿಲ್ಲ.’

ಧರ್ಮರಾಜ ಫೋಟೋ ನೋಡಿದ. ಬಹಳ ಹೊತ್ತು ನೋಡಿದ. ಓಣಿಯವರೆಲ್ಲ ಹೂಂ ಎನ್ನು, ಹೂಂ ಎನ್ನು ಎಂದು ಮನಸ್ಸಿನಲ್ಲಿ ಹೇಳುತ್ತಿದ್ದರು. ನಾನೂ ಹೇಳುತ್ತಿದ್ದೆ. ಅವನು ಒಪ್ಪಿದ್ದರೆ ನಮ್ಮೆಲ್ಲರ ತಪ್ಪೂ ಆ ಬಣ್ಣದ ಕೆಳಗೆ ಹೋಗಿಬಿಡುತ್ತಿತ್ತು.

‘ನೀ ಛಲೋ ತಗೀತಿ ತಮ್ಮಾ, ನನಗ ಸಂಶೇ ಇಲ್ಲ,’ ಎಂದು ಮೊಬೈಲು ಹಿಂದೆ ಕೊಟ್ಟ. ಅವನ ಬಾಯಿಂದ ಸಂಶಯವಿಲ್ಲ ಎಂಬ ಮಾತನ್ನು ನಾನು ಕೇಳಿದ್ದು ಅದೇ ಮೊದಲು. ‘ಆದ್ರ ನೀ ತಗದ್ರ ಅದು ನಿನ್ನ ಆನಿ. ನಿಚ್ಚಣಿಕಿ ಇಳಸು.’

ಆಮೇಲೆ ಮೃಣಾಲಳ ಕಡೆ ತಿರುಗಿದ. ‘ತಂಗಿ, ಆವತ್ತ ನೀ ನನ್ನ ಕೇಳಿದಿ, ನಾ ಹೇಳಲಿಲ್ಲ. ಈಗ ಬರಕೊ. ಈ ಗ್ವಾಡಿ ಸುಣ್ಣ ಯಾರೂ ಕೆರೀಬಾರದು, ಅದರ ಮ್ಯಾಲ ಯಾರೂ ಏನೂ ತಗೀಬಾರದು. ಮಾಳಿಗಿ ಏರಿಸಿದ್ರೂ ಇದು ಹಿಂಗಽ ಇರಬೇಕು. ಇದರ ಹಿಂದ ಪರಸವ್ವ ಅದಾಳ.’

ಮೃಣಾಲ ಅಲ್ಲೇ ಕಟ್ಟೆಯ ಮೇಲೆ ಕೂತು ಮೊಣಕಾಲ ಮೇಲೆ ಫಾರ್ಮು ಇಟ್ಟುಕೊಂಡು ಬರೆದಳು. ‘ಹೆಸರು ಹಾಕಲಿಕ್ಕೇ ಬೇಕಂತೇನಿಲ್ಲ ಕಾಕಾ,’ ಎಂದಳು.

‘ಹಾಕು,’ ಎಂದ. ‘ಸುಣ್ಣ ಬಳದವ ಧರ್ಮರಾಜ. ಆಕಿ ಕೈ ಹಿಡದವನೂ ಅವನಽ. ಎರಡೂ ಬರಿ.’

ಅವಳು ಎರಡನ್ನೂ ಬರೆದಳು.